ಫ್ಯೂಸು ಯಾರ ಜೇಬಿನಲ್ಲಿದೆ

ಸಾವಿನ ಸುದ್ದಿ ಬಂದಾಗ ಜನ ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. ಕೆಲವರು ನೀರು ಕುಡಿಯುತ್ತಾರೆ. ನಾನು ಮೊಬೈಲಿನ ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಎದ್ದು ಹೋಗಿ ಹಿತ್ತಿಲ ಬಾಗಿಲಿನ ಅಗುಳಿ ನೋಡಿ ಬಂದೆ. ಆಮೇಲೆ ಕೂತೆ.

ಬೆಳಿಗ್ಗೆ ಏಳೂಕಾಲು. ವಾಕಿಂಗ್ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. ಹಿಂದೆ ಬ್ಯಾಂಕಿನಲ್ಲಿ ನನ್ನ ಕೈಕೆಳಗೆ ಗುಮಾಸ್ತನಾಗಿದ್ದ ಮರಿಸ್ವಾಮಿ ಫೋನ್ ಮಾಡಿದ. 'ಸಾ, ಐಡಿಯಮ್ಮ ಓಗ್ಬುಟ್ರು ಸಾ' ಎಂದ.

ದುಃಖ ಸಂಜೆಗೆ ಬಂತು. ಮೊದಲು ಬಂದದ್ದು ಭಯ. ಇಡೀ ಬ್ಯಾಂಕಿನಲ್ಲಿ ಎಲ್ಲರ ಪರವಾಗಿ ಹೆದರುವುದಕ್ಕೆ ಅಂತ ಒಬ್ಬರಿದ್ದರು. ಇನ್ನು ಆ ಕೆಲಸ ಯಾರು ಮಾಡುತ್ತಾರೆ?

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಆಕೆ ಒಪ್ಪುತ್ತಿರಲಿಲ್ಲ. ಒಮ್ಮೆ ಶಾಖೆಯ ಗೋಡೆಗೆ ಸಿಬ್ಬಂದಿಯ ಹೆಸರು, ಫೋನ್ ನಂಬರಿನ ಪಟ್ಟಿ ಅಂಟಿಸಿದ್ದೆ. ಆಕೆ ತಮ್ಮ ಸಾಲನ್ನು ಉಗುರಿನಿಂದ ಕೆರೆದು ತೆಗೆದರು. 'ನನ್ನೆಸ್ರು ಗ್ವಾಡೆ ಮ್ಯಾಲೆ ಇದ್ರೆ ನಂಗೆ ಭಯ ಆಯ್ತದೆ ಸಾ' ಎಂದರು. ನಾನು ಆಗ ನಕ್ಕೆ.

ನಮ್ಮದು ಮಂಡ್ಯದಲ್ಲಿ ಪ್ರಧಾನ ಕಚೇರಿ ಇರುವ ಒಂದು ಸಣ್ಣ ಸಹಕಾರಿ ಬ್ಯಾಂಕು. ನಾನು ಮಳವಳ್ಳಿ ಶಾಖೆಯ ಮ್ಯಾನೇಜರ್ ಆಗಿದ್ದೆ. ಆಕೆ ಪ್ರಧಾನ ಕಚೇರಿಯ ಕಂಪ್ಯೂಟರ್ ವಿಭಾಗದವರು. ವಿಭಾಗ ಅಂದರೆ ಆಕೆ ಮತ್ತು ಒಂದು ಮೇಜು. ಕಂಪ್ಯೂಟರ್ ಬಂದ ಮೇಲೆ ನಮ್ಮ ಪ್ರತಿಯೊಬ್ಬರಿಗೂ ಒಂದು ಐಡಿ, ಒಂದು ಪಾಸ್‌ವರ್ಡ್ ಕೊಟ್ಟಿದ್ದರು. ಗುಮಾಸ್ತ ತನ್ನ ಐಡಿಯಲ್ಲಿ ವಿವರ ತುಂಬಬಹುದು, ಒಪ್ಪಿಗೆ ಕೊಡುವಂತಿಲ್ಲ. ಮ್ಯಾನೇಜರ್ ಒಪ್ಪಿಗೆ ಕೊಡಬಹುದು, ತಾನೇ ತುಂಬುವಂತಿಲ್ಲ. ಇಬ್ಬರ ಕಣ್ಣು ಬೀಳದೆ ಏನೂ ಆಗಬಾರದು ಎಂಬುದು ನಿಯಮ. ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾರದು ಮುಚ್ಚಬೇಕು, ತೆರೆದಿರಬೇಕಾದ್ದು ಮುಚ್ಚಿಕೊಂಡರೆ ಯಾಕೆ ಮುಚ್ಚಿಕೊಂಡಿತು ಎಂದು ಹುಡುಕಿ ಸರಿ ಮಾಡಬೇಕು. ಇದಿಷ್ಟು ಆಕೆಯ ಕೆಲಸ. ಅದಕ್ಕೇ ಐಡಿಯಮ್ಮ ಎಂಬ ಹೆಸರು.

ಹಲಗೂರಿನ ಕಡೆಯವರು. ಸಣ್ಣ ಆಳು. ಎಣ್ಣೆ ಹಾಕಿ ಬಿಗಿದ ಜಡೆ, ಮಡಿಕೆ ಮುರಿಯದ ಕಾಟನ್ ಸೀರೆ. ಬ್ಯಾಗನ್ನು ಹೆಗಲಿಗೆ ಹಾಕಿದ್ದು ಯಾರೂ ನೋಡಿಲ್ಲ. ಎಳೆಮಗುವಿನ ಹಾಗೆ ಎದೆಗೆ ಅವುಚಿಕೊಂಡೇ ಬಸ್ಸಿಳಿಯುವರು. ಬಸ್ ಸ್ಟ್ಯಾಂಡಿನ ಕಡೆಯಿಂದ ಆಕೆ ಬರುವುದು ಕಿಟಕಿಯಲ್ಲಿ ಕಂಡ ಕೂಡಲೇ ಮರಿಸ್ವಾಮಿ ಕೂಗು ಹಾಕುತ್ತಿದ್ದ: 'ಐಡಿಯಮ್ಮ ಬಂದ್ರು ಕಣ್ರಲಾ, ಚೀಟಿ ಗೀಟಿ ಎತ್ತಾಕ್ರಲಾ!' ಆಗ ಕ್ಯಾಲೆಂಡರಿನ ಹಿಂದಿನಿಂದ ಒಂದು, ಕನ್ನಡಕದ ಡಬ್ಬಿಯಿಂದ ಒಂದು, ಕ್ಯಾಶಿಯರ್ ಗಾಜಿನ ಒಳಬದಿಯಿಂದ ಒಂದು, ಹೀಗೆ ಪಾಸ್‌ವರ್ಡ್ ಬರೆದ ಚೀಟಿಗಳು ಮಾಯವಾಗುತ್ತಿದ್ದವು. ಆಕೆ ಒಳಗೆ ಬಂದು ಕ್ಯಾಲೆಂಡರಿನ ಹಿಂದೆ ಅಂಟಿನ ಗುರುತು ಇದ್ದ ಜಾಗವನ್ನು ಬೆರಳಿನಿಂದ ಒಂದು ಸಲ ಒರೆಸುವರು. ಅಷ್ಟೇ. ಚೀಟಿ ಇಟ್ಟಿದ್ದವನ ಮುಖ ಬಿಳುಚುತ್ತಿತ್ತು.

ಆಕೆಯ ಒಂದು ಚರ್ಯೆ ಈಗಲೂ ಕಣ್ಣಿಗೆ ಕಟ್ಟಿದೆ. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಆಕೆ ಮುಖ ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ಗೋಡೆಗೆ ತಿರುಗಿಸಿ ನಿಲ್ಲುವರು. ಒಂದೇ ಕೋಣೆಯಲ್ಲಿ ಇನ್ನೊಬ್ಬರು ಬಟ್ಟೆ ಬದಲಾಯಿಸುವಾಗ ಮರ್ಯಾದಸ್ಥರು ನಿಲ್ಲುತ್ತಾರಲ್ಲ, ಹಾಗೆ. 'ಆಯ್ತಾ ಸಾ?' ಎಂದು ಗೋಡೆಯನ್ನೇ ಕೇಳುವರು. ಆಯಿತು ಅಂದ ಮೇಲೆಯೇ ಈ ಕಡೆ ತಿರುಗುವುದು.

ಇನ್ನೊಂದು, ಖಾಲಿ ಕಲಂ. ಅರ್ಜಿಯಲ್ಲಿ, ರಜೆ ಚೀಟಿಯಲ್ಲಿ, ಊಟದ ಬಿಲ್ಲಿನಲ್ಲಿ ಕೂಡ ಏನೂ ಬರೆಯದೆ ಬಿಟ್ಟ ಜಾಗ ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಪೆನ್ನು ತೆಗೆದು ಅಡ್ಡಗೆರೆ ಎಳೆಯುವರು. 'ಖಾಲಿ ಬುಟ್ಟಿದ್ದನ್ನ ಯಾರ್ ಬೇಕಾದ್ರೂ ತುಂಬ್ಕಬೋದು ಸಾ' ಎನ್ನುವರು. ಒಮ್ಮೆ ಮದುವೆಯೊಂದರ ಆಹ್ವಾನ ಪತ್ರಿಕೆಯ ಹಿಂಬದಿ ಖಾಲಿ ಇದೆ ಎಂದು ಅಲ್ಲಿಗೂ ಗೆರೆ ಎಳೆದರು ಅಂತ ಮರಿಸ್ವಾಮಿ ಹೇಳುತ್ತಿದ್ದ. ಅದು ಸುಳ್ಳಿರಬಹುದು. ಅವನು ಮಾತಿಗೆ ಉಪ್ಪು ಖಾರ ಹಚ್ಚುವವನು.

ಅಧಿಕಾರಕ್ಕೆ ಹೆದರುತ್ತಿದ್ದರೇ ಅಂತ ಕೇಳಬೇಡಿ. ಒಮ್ಮೆ ನಮ್ಮ ನಿರ್ದೇಶಕರೊಬ್ಬರು ತಿಂಗಳುಗಟ್ಟಲೆ ತಮ್ಮ ಐಡಿ ತೆರೆದೇ ಇರಲಿಲ್ಲ. ಆಕೆ ಅದನ್ನು ಮುಚ್ಚಿದರು. ಆತ ಫೋನಿನಲ್ಲಿ ಹಾರಾಡಿದರು: 'ಯಾರಮ್ಮ ನೀನು? ನನ್ ಬಾಗ್ಲಿಗೇ ಬೀಗ ಹಾಕ್ತೀಯಾ?' ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬೆವರುತ್ತಾ, ಹೇಳಿದ್ದು ಇಷ್ಟು: 'ಹಂಗಲ್ಲ ಸಾ, ಮನೇಲಿ ಯಾರೂ ಇಲ್ದೆ ಬಾಗ್ಲು ತೆಗ್ದಿತ್ತು. ಭಯ ಆಯ್ತು. ಮುಚ್ದೆ.' ತೆರೆಯಬೇಕಾದರೆ ಅರ್ಜಿ ಕೊಡಬೇಕು ಎಂದರು. ಆತ ಕೊಟ್ಟರು ಕೂಡ.

ನನ್ನ ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಶಿಸ್ತಿನ ಮನುಷ್ಯ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಶಾಖೆಯ ಮೆಟ್ಟಿಲು ಹತ್ತುತ್ತಿದ್ದೆ. ಒಂಬತ್ತು ಮೂವತ್ತೊಂಬತ್ತೂ ಇಲ್ಲ, ನಲವತ್ತೊಂದೂ ಇಲ್ಲ. ಎದುರಿನ ಬೀಡಾ ಅಂಗಡಿಯವನು ನನ್ನನ್ನು ನೋಡಿ ಗಡಿಯಾರ ತಿರುಗಿಸಿಕೊಳ್ಳುತ್ತಿದ್ದ. ಒಂದೂವರೆಗೆ ಊಟಕ್ಕೆ ಮನೆಗೆ, ಎರಡಕ್ಕೆ ವಾಪಸ್. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಮೊದಲ ಕೆಲಸ ಪಾಸ್‌ವರ್ಡ್ ಬದಲಾವಣೆ. ನಿಯಮದಲ್ಲಿ ಹಾಗಿತ್ತು. ಸಿಬ್ಬಂದಿಗೂ ಜೋರಾಗಿ ಹೇಳುತ್ತಿದ್ದೆ: 'ನೋಡಿ, ನಾನು ಮಾಡಾಯ್ತು. ನೀವೂ ಮಾಡಿ.'

ಆಕೆ ನಮ್ಮ ಶಾಖೆಗೆ ಬಂದ ಮೊದಲ ದಿನವೇ ಈ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದೆ. ಆಕೆ ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಆಕೆ ನನ್ನ ಮುಖವನ್ನೇ ನೋಡುತ್ತಾ ಹೇಳಿದರು: 'ನಿಮ್ಮಂಥೋರ್ನ ಕಂಡ್ರೇ ನಂಗೆ ಜಾಸ್ತಿ ಭಯ ಸಾ.'

'ಯಾಕಮ್ಮ?'

'ನೀವು ಯಾವಾಗ ಎಲ್ಲಿರ್ತೀರಿ ಅಂತ ಊರ್ಗೇ ಗೊತ್ತು.'

ಮರಿಸ್ವಾಮಿ ನಡುವೆ ಬಾಯಿ ಹಾಕಿದ: 'ಇಂಗೆ ಎಲ್ಲಾದ್ಕೂ ಎದ್ರುದ್ರೆ ನೀವು ಬಸ್ಸಲ್ಲೆಂಗೆ ಬತ್ತೀರಿ ಅಮ್ಮಾ? ಡ್ರೈವರ್ ಪಾಸ್‌ವರ್ಡ್ ಕೇಳ್ತೀರಾ?' ಎಲ್ಲರೂ ನಕ್ಕರು. ಆಕೆಯೂ ನಕ್ಕರು. ಅಪರೂಪಕ್ಕೆ ನಗುವವರು. ಆಗ ಮೇಲಿನ ಹಲ್ಲಿನ ಸಾಲಿನಲ್ಲಿ ಒಂದು ಸಂದು ಕಾಣುತ್ತಿತ್ತು. ಅದನ್ನೂ ಕೈಯಿಂದ ಮುಚ್ಚಿಕೊಳ್ಳುವರು.

ಆ ದಿನ ಚಹಾ ಕುಡಿಯುವಾಗ ತಮ್ಮ ತಂದೆಯ ವಿಷಯ ಹೇಳಿದರು. ಆತ ಲೈನ್‌ಮನ್ ಆಗಿದ್ದವರು. 'ನಮ್ಮಪ್ಪ ಕಂಬ ಅತ್ತೋಕೆ ಮುಂಚೆ ಟ್ರಾನ್ಸ್‌ಫಾರ್ಮರ್ ತಾವ ಓಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳೋರು ಸಾ. ಕೆಳ್ಗೆ ಒಬ್ಬನ್ನ ಕಾವ್ಲು ನಿಲ್ಸಿದ್ರೂವೆ ಫ್ಯೂಸ್ ಮಾತ್ರ ಅಲ್ಲಿ ಬುಡ್ತಿರ್ನಿಲ್ಲ. ಯಾಕಪ್ಪಾ ಅಂದ್ರೆ, ಕಾವ್ಲಿರೋನು ಒಳ್ಳೇನೇ ಕಣ್ ಮಗ, ಆದ್ರೆ ಅವ್ನು ಬೀಡಿ ಸೇದಕ್ಕೆ ಅತ್ಲಾಗ್ ಓದಾಗ ಇನ್ನೊಬ್ಬ ಒಳ್ಳೇನು ಬತ್ತಾನೆ, ಅಯ್ಯೋ ಊರ್ಗೆ ಕರೆಂಟಿಲ್ವಲ್ಲ ಅಂತ ಹಾಕ್ಬುಡ್ತಾನೆ, ಅನ್ನೋರು. ನಮ್ಮಪ್ಪ ಸಂಜೆ ಮನೆಗ್ ಬರ್ತಿದ್ದುದ್ದು ಆ ಜೇಬಿನ್ ದೆಸೆಯಿಂದ ಸಾ.'

ಲೋಟ ಕೆಳಗಿಟ್ಟು ನನ್ನನ್ನು ಕೇಳಿದರು: 'ನಿಮ್ ಫ್ಯೂಸು ಯಾರ್ ಜೇಬ್ನಲ್ಲದೆ ಸಾ?'

'ನನ್ನ ಜೇಬಿನಲ್ಲೇ ಇದೆಯಮ್ಮ' ಎಂದೆ. ಹಾಗೆಂದೇ ನಂಬಿದ್ದೆ.

ಕಿರುಗಾವಲಿನ ಪುಟ್ಟತಾಯಮ್ಮ ನಮ್ಮ ಹಳೆಯ ಖಾತೆದಾರಳು. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಿಯಾದವಳು. ಒಂಟಿ ಜೀವ. ಓದು ಬರದು. ಗುಂಡಿಯ ಫೋನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ತಿಂಗಳ ಮೂರನೇ ತಾರೀಕು ಪಿಂಚಣಿ ಜಮೆಯಾದ ಕೂಡಲೇ ಅದರಲ್ಲಿ ಸಂದೇಶ ಬಂದು ಟಿಣ್ ಅನ್ನುತ್ತಿತ್ತು. ಆ ಸದ್ದು ಕೇಳಿ ಬಸ್ ಹತ್ತುತ್ತಿದ್ದಳು.

ಒಂದು ತಿಂಗಳು ಮೂರನೇ ತಾರೀಕು ಮಧ್ಯಾಹ್ನ ಬಂದಳು. 'ಮೇನೇಜರಪ್ಪ, ಟಿಣ್ ಅನ್ಲೇ ಇಲ್ವಲ್ಲ?' ಎಂದಳು. ದುಡ್ಡು ಬಂದಿತ್ತು. ನೆಟ್‌ವರ್ಕ್ ಸರಿಯಿಲ್ಲ, ಸಂದೇಶ ತಡವಾಗಿದೆ ಎಂದು ಹೇಳಿ ಕಳಿಸಿದೆ. ಮಾರನೇ ದಿನ ಮತ್ತೆ ಬಂದಳು. ಫೋನ್ ಆರಿಸಿ ಹಾಕಿಕೊಳ್ಳವ್ವ ಎಂದೆ. ಆರನೇ ತಾರೀಕು ಮೂರನೇ ಸಲ ಬಂದಳು. 'ಬಾಯಿಲ್ದಿರೋ ಕೋಳಿ ಆಗದೆ ಕಣ್ ಸೋಮಿ ಈ ಫೋನು. ನಂಗ್ ಯಾಕೋ ಎದೆ ಹೊಡ್ಕತದೆ' ಎಂದಳು. ನನಗೆ ರೇಗಿತು. ಒಂದು ಟಿಣ್‌ಗಾಗಿ ಮೂರು ಸಲ ಬಸ್ ಚಾರ್ಜ್ ಕಳೆಯುತ್ತಾಳಲ್ಲ ಎಂದು ಬೈದೆ ಕೂಡ.

ಆ ದಿನ ಐಡಿಯಮ್ಮ ನಮ್ಮ ಶಾಖೆಯಲ್ಲಿದ್ದರು. ಮೂಲೆಯ ಕಂಪ್ಯೂಟರಿನ ಹಿಂದಿನಿಂದ ತಲೆ ಎತ್ತಿದರು. ನಾನು ಮೂರು ಸಲ ಕೇಳಿ ಹೆದರದೇ ಇದ್ದ ಮಾತಿಗೆ ಆಕೆ ಒಂದೇ ಸಲಕ್ಕೆ ಹೆದರಿದರು. ಎದ್ದು ಬಂದು ಪುಟ್ಟತಾಯಮ್ಮನ ಫೋನ್ ಇಸಿದುಕೊಂಡು, ಅದರ ನಂಬರನ್ನು ಅಂಗೈ ಮೇಲೆ ಬರೆದುಕೊಂಡರು. ಖಾತೆ ತೆರೆದು ನೋಡಿದರು. ಅಂಗೈ ನೋಡಿದರು. ಮತ್ತೆ ಪರದೆ ನೋಡಿದರು.

'ಸಾ, ಈಚೆ ಬನ್ನಿ.'

ಖಾತೆಯಲ್ಲಿದ್ದ ನಂಬರೇ ಬೇರೆ. ನಾಲ್ಕು ದಿನದ ಹಿಂದೆ, ಎರಡನೇ ತಾರೀಕು, ಬದಲಾಗಿತ್ತು. ಮೂರನೇ ತಾರೀಕಿನ ಟಿಣ್ ಯಾರದೋ ಜೇಬಿನಲ್ಲಿ ಮೊಳಗಿತ್ತು. ಅಷ್ಟೇ ಅಲ್ಲ. ನಾಲ್ಕನೇ ತಾರೀಕು ಆ ಹೊಸ ನಂಬರಿನಿಂದ ಮೊಬೈಲ್ ಬ್ಯಾಂಕಿಂಗ್ ಬೇಕೆಂದು ಕೋರಿಕೆ ಬಂದಿತ್ತು. ಅಂಥ ಕೋರಿಕೆಗೆ ನಮ್ಮಲ್ಲಿ ಮೂರು ದಿನ ಕಾಯಿಸುವ ನಿಯಮ. ಎರಡು ದಿನ ಕಳೆದಿತ್ತು. ನಾಳೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ತೆರೆದರೆ ಆ ಮುದುಕಿಯ ಜೀವಮಾನದ ಉಳಿಕೆಯೆಲ್ಲ ಎಲ್ಲಿಯೋ ಕೂತ ಒಬ್ಬನ ಹೆಬ್ಬೆರಳಿನ ಕೆಳಗೆ.

'ಮೊದ್ಲು ಫ್ಯೂಸ್ ಕೀಳ್ತೀನಿ' ಎಂದು ಆಕೆ ಆ ಖಾತೆಯ ಬಾಗಿಲುಗಳನ್ನೆಲ್ಲ ಮುಚ್ಚಿದರು. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಬದಲಾವಣೆ ಮಾಡಿದವರು ಯಾರೆಂದು ತೆಗೆದರು. ವಿವರ ತುಂಬಿದ್ದು ಮರಿಸ್ವಾಮಿಯ ಐಡಿ. ಒಪ್ಪಿಗೆ ಕೊಟ್ಟದ್ದು ನನ್ನ ಐಡಿ. ಸಮಯ ಮಧ್ಯಾಹ್ನ ಒಂದು ನಲವತ್ತೆರಡು.

ಒಂದು ನಲವತ್ತೆರಡಕ್ಕೆ ನಾನು ಮನೆಯಲ್ಲಿ ಮಣೆಯ ಮೇಲೆ ಕೂತು ಮುದ್ದೆ ಮುರಿಯುತ್ತಿರುತ್ತೇನೆ. ಊರಿಗೇ ಗೊತ್ತು.

ಆ ಕ್ಷಣದಲ್ಲಿ ಏನಾಯಿತು ಎಂದು ಹೇಗೆ ಬರೆಯಲಿ? ನನ್ನ ಹೆಸರು ಪರದೆಯ ಮೇಲೆ ಇತ್ತು. ನಾನು ಮಾಡದ ಕೆಲಸದ ಎದುರು, ನಾನು ಇಲ್ಲದ ಹೊತ್ತಿನ ಪಕ್ಕದಲ್ಲಿ. ನನ್ನ ಮೈಯೊಳಗೆ ಇನ್ನೊಬ್ಬ ಬಂದು ಹೋದ ಹಾಗೆ. ತಲೆ ಎತ್ತಿ ಕೋಣೆ ನೋಡಿದೆ. ಆರು ಜನ. ಅವರ ಮಕ್ಕಳ ನಾಮಕರಣಕ್ಕೆ ಹೋಗಿದ್ದೆ, ಅವರ ಮನೆಯ ಸಂಕ್ರಾಂತಿ ಎಳ್ಳು ತಿಂದಿದ್ದೆ. ಮರಿಸ್ವಾಮಿಯ ಐಡಿಯನ್ನೂ ನನ್ನದರ ಹಾಗೆ ಬೇರೆಯವರು ಬಳಸಿರಬಹುದು. ಆರರಲ್ಲಿ ಒಬ್ಬ. ಯಾರು?

'ನಿಮ್ದೂ ಮುಚ್ತೀನಿ ಸಾ' ಎಂದರು ಆಕೆ. ನನ್ನ ಕಣ್ಣೆದುರೇ ನನ್ನ ಐಡಿಗೆ ಬೀಗ ಬಿತ್ತು. ಆಮೇಲೆ ಒಂದು ಚೀಟಿಯಲ್ಲಿ ಏನೋ ಬರೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. 'ತೆಗ್ದು ನೋಡಿ. ಬಾಯಿ ಬುಡ್ಬ್ಯಾಡಿ. ಅದೇನಾ?'

ಬಿಡಿಸಿದೆ. ಆ ತಿಂಗಳ ಹೆಸರು, ಅದರ ಪಕ್ಕದಲ್ಲಿ 0940. ನನ್ನ ಪಾಸ್‌ವರ್ಡ್.

'ನಿಮ್ಗೆ ಹೇಗೆ ಗೊತ್ತಮ್ಮ?'

'ಒಂದ್ನೇ ತಾರೀಕು ಬದಲಾಯಿಸ್ತೀನಿ ಅಂತ ನೀವೇ ಕೂಗಿ ಹೇಳ್ತೀರಿ. ತಿಂಗ್ಳಿಗೊಂದು ಅಂದ್ರೆ ತಿಂಗ್ಳೆಸ್ರೇ ಇರ್ಬೇಕು. ನಂಬರು, ಬೀಡಾ ಅಂಗ್ಡಿಯವ್ನ ಕೇಳುದ್ರೂ ಹೇಳ್ತಾನೆ ಸಾ.'

ಅಷ್ಟರಲ್ಲಿ ಮರಿಸ್ವಾಮಿ ಕುರ್ಚಿಯಿಂದ ಎದ್ದ. 'ನಾನೇ ಸಾ' ಎಂದ.

ಒಬ್ಬ ಬಂದಿದ್ದನಂತೆ. ಬಿಳಿ ಅಂಗಿ, ಮರ್ಯಾದೆಯ ಮಾತು. ಪುಟ್ಟತಾಯಮ್ಮ ನಮ್ಮ ಸೋದರತ್ತೆ, ನಾನು ಅವರ ಅಣ್ಣನ ಮಗ, ಅತ್ತೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಳೆ, ಫೋನು ಕಳೆದಿದೆ, ಹೊಸ ನಂಬರ್ ಹಾಕಿ ಎಂದನಂತೆ. ಕೌಂಟರಿನಲ್ಲಿ ಜನ. ಬಿಸಿಲು. ಅರ್ಜಿಯಲ್ಲಿ ಖಾತೆದಾರಳ ಹೆಬ್ಬೆಟ್ಟಿನ ಜಾಗ ಖಾಲಿ ಇತ್ತು. ಅತ್ತೆ ಎದ್ದು ಓಡಾಡುವಂತಾದಾಗ ಹಾಕಿಸಿಕೊಂಡರಾಯಿತು ಎಂದುಕೊಂಡನಂತೆ.

'ಒಪ್ಪಿಗೆ?' ಎಂದೆ.

'ನೀವು ಊಟಕ್ಕೋಗಿದ್ರಲ್ಲ ಸಾ.' ಅವನು ಅಳುತ್ತಿದ್ದ. 'ನೀವು ಊಟಕ್ಕೋದಾಗ ಜನ ಕಾಯ್ಬಾರ್ದು ಅಂತ ನಾವೆಲ್ಲ ಹಂಗೇ ಮಾಡ್ತಿದ್ವಿ. ಎಲ್ರಿಗೂ ಗೊತ್ತು ಸಾ ನಿಮ್ ಪಾಸ್‌ವರ್ಡು. ಮೇನೇಜರ್ ತಿನ್ನೋಕ್ಕೋದ ಅಂತ ಜನ ನಿಮ್ಮುನ್ನ ಬೈಕಬಾರ್ದು ಅಂತ ಸಾ.'

ಉಳಿದ ಐವರು ನೆಲ ನೋಡುತ್ತಿದ್ದರು. ಆರರಲ್ಲಿ ಒಬ್ಬನಲ್ಲ, ಆರೂ ಜನ. ಕಳ್ಳರಲ್ಲ, ಒಳ್ಳೆಯವರು. ಲೈನ್‌ಮನ್ ಹೇಳಿದ್ದ ಆ ಇನ್ನೊಬ್ಬ ಒಳ್ಳೆಯವನು ನಮ್ಮ ಶಾಖೆಯಲ್ಲಿ ದಿನವೂ ಒಂದೂವರೆಯಿಂದ ಎರಡರವರೆಗೆ ಕೆಲಸ ಮಾಡುತ್ತಿದ್ದ. ನಾನು ಕಂಬದ ಮೇಲೆ ಹಾಯಾಗಿ ಕೂತಿದ್ದೆ.

ಐಡಿಯಮ್ಮ ಪುಟ್ಟತಾಯಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: 'ಅವ್ವಾ, ನಿಮ್ಗೆ ಅಣ್ಣನ ಮಗ ಅವ್ನಾ?'

'ನಮ್ಮಣ್ಣ ಮದ್ವೇನೇ ಆಗ್ನಿಲ್ವಲ್ಲ ಕಣ್ ಮಗ. ಎಲ್ಲಿಂದ್ ಬಂದಾನು ಮಗ?' ಎಂದವಳು ನಮ್ಮ ಮುಖಗಳನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದಳು. 'ಏನಾಯ್ತವ್ವ? ಇರೋದೆಲ್ಲ ಓಯ್ತಾ?'

'ಏನೂ ಓಗ್ನಿಲ್ಲ. ನಿಮ್ ಎದೆ ಹೊಡ್ಕಂತಲ್ಲ, ಅದೇ ಉಳ್ಸ್ತು. ಕೂತ್ಕಳಿ.'

ಆ ನಂಬರಿಗೆ ಫೋನ್ ಮಾಡಿದೆವು, ಆರಿತ್ತು. ದೂರು ಕೊಟ್ಟೆವು. ಬಿಳಿ ಅಂಗಿಯವನು ಇವತ್ತಿನವರೆಗೂ ಸಿಕ್ಕಿಲ್ಲ. ಪುಟ್ಟತಾಯಮ್ಮನ ಹೆಸರು, ಖಾತೆ ಅವನಿಗೆ ಎಲ್ಲಿ ಸಿಕ್ಕಿತು ಎಂಬುದೂ ಗೊತ್ತಾಗಿಲ್ಲ. ಬಹಳ ದಿನ ನಾನು ಬಸ್ಸಿನಲ್ಲಿ ಪಕ್ಕ ಕೂತ ಬಿಳಿ ಅಂಗಿಯವರನ್ನೆಲ್ಲ ಕದ್ದು ನೋಡುತ್ತಿದ್ದೆ. ನಾನು ಕಾಣದ ಮುಖ ಅದು. ಯಾವ ಮುಖವೂ ಆಗಬಹುದಿತ್ತು.

ಹೆಬ್ಬೆಟ್ಟು ಹಾಕಿಸಿಕೊಂಡು ಹಳೆಯ ನಂಬರನ್ನು ಮತ್ತೆ ಸೇರಿಸಿದ್ದು ಆ ದಿನವೇ. ಒಪ್ಪಿಗೆಗೆ ಮದ್ದೂರು ಶಾಖೆಯ ಮ್ಯಾನೇಜರನ್ನು ಕರೆಸಿದರು, ಏಕೆಂದರೆ ನನ್ನ ಐಡಿ ಸತ್ತಿತ್ತು. ಸೊಂಟದ ಫೋನು ಟಿಣ್ ಅಂದಾಗ ಪುಟ್ಟತಾಯಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಐಡಿಯಮ್ಮ ಮುದುಕಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಏನೋ ಹೇಳಿಕೊಟ್ಟರು. ಗಾಜಿನ ಈಚೆಯಿಂದ ನೋಡಿದೆ. ಬೆರಳೆತ್ತಿ ಹೇಳುವರು, ಮುದುಕಿ ಒಪ್ಪಿಸುವಳು. ತಪ್ಪಾದರೆ ಮತ್ತೆ ಬೆರಳು ಏಳುವುದು. ಮಗ್ಗಿ ಕಲಿಸುವ ಹಾಗೆ. ಏನೆಂದು ಕೇಳಲಿಲ್ಲ. ನನ್ನ ಭಯ ನನಗಿತ್ತು.

ವರದಿ ಆಕೆಯೇ ಬರೆಯಬೇಕು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೂವತ್ತೈದು ವರ್ಷ ಒಂದು ಮೆಮೊ ಇಲ್ಲದ ಸೇವೆ. ಶಾಖೆ ಮುಚ್ಚುವ ಹೊತ್ತಿಗೆ ಆಕೆಯ ಮೇಜಿನ ಹತ್ತಿರ ಹೋಗಿ ನಿಂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. 'ಅಮ್ಮಾ, ಊಟಕ್ಕೆ ಹೋಗುವಾಗ ಕಂಪ್ಯೂಟರ್ ಮುಚ್ಚುವುದು ಮರೆತಿದ್ದರು ಅಂತ ಬರೆದುಬಿಡಿ. ಪಾಸ್‌ವರ್ಡ್ ಆರೂ ಜನಕ್ಕೆ ಗೊತ್ತಿತ್ತು ಅನ್ನೋದು ಬೇಡ. ಕಾರಣದ ಕಲಂ ಖಾಲಿ ಬಿಟ್ಟರೂ ಸರಿ' ಎಂದೆ.

ಆಕೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ನನಗಿಂತ ಆಕೆಯೇ ಹೆಚ್ಚು ಹೆದರಿದ್ದ ಹಾಗೆ ಕಂಡಿತು.

'ಖಾಲಿ ಬುಟ್ರೆ ನಾಳೆ ಯಾರ್ ಬೇಕಾದ್ರೂ ಅಲ್ಲಿ ಕಳ್ಳ ಅಂತ ಬರೀಬೋದು ಸಾ' ಎಂದರು. 'ಅದುಕ್ಕೆ ಮುಂಚೆ ನಾವೇ ಬೆಪ್ಪು ಅಂತ ಬರ್ದುಬುಡುವಾ.'

ಬರೆದರು. ಕಚೇರಿಯ ಭಾಷೆಯಲ್ಲಿ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಎಚ್ಚರಿಕೆ ಪತ್ರ ಬಂತು. ಅದರಲ್ಲಿ ನಿರ್ಲಕ್ಷ್ಯ ಎಂದಿತ್ತು. ಬೇರೆ ಯಾವ ಪದವೂ ಇರಲಿಲ್ಲ. ಆರು ತಿಂಗಳಾದ ಮೇಲೆ ಯಾರೋ ನಿರ್ದೇಶಕರ ಸಭೆಯಲ್ಲಿ ನಾನೂ ಅದರಲ್ಲಿ ಶಾಮೀಲೇ ಎಂದು ಮಾತೆತ್ತಿದರಂತೆ. ಆ ವರದಿ ತೆಗೆದು ಓದಿದ ಮೇಲೆ ಸುಮ್ಮನಾದರಂತೆ. ಮರಿಸ್ವಾಮಿಯನ್ನು ವರ್ಗ ಮಾಡಿದರು. ಅವನನ್ನು ಯಾವ ಶಾಖೆಯೂ ಬೇಡ ಎಂದಾಗ ಆಕೆ ತಮ್ಮ ವಿಭಾಗಕ್ಕೆ ಕೇಳಿ ಪಡೆದರು. 'ಕೈ ಸುಟ್ಕಂಡೋನು ಬೆಂಕಿ ತಾವ ಉಸಾರಾಗಿರ್ತಾನೆ ಸಾ' ಎಂದರು. ಅಲ್ಲಿಂದ ಆಚೆ ವಿಭಾಗ ಎಂದರೆ ಒಂದು ಮೇಜು, ಎರಡು ಕುರ್ಚಿ.

ಹೊಸ ಪಾಸ್‌ವರ್ಡಿನೊಡನೆ ನನ್ನ ಐಡಿ ಮತ್ತೆ ತೆರೆದುಕೊಂಡಿತು. ನಾನು ಪದ್ಧತಿ ಬದಲಾಯಿಸಿದೆ. ಊಟ ಒಂದು ದಿನ ಒಂದಕ್ಕೆ, ಒಂದು ದಿನ ಎರಡೂಕಾಲಿಗೆ. ಹೆಂಡತಿಗೆ ಸಿಟ್ಟು, ಬೀಡಾ ಅಂಗಡಿಯವನ ಗಡಿಯಾರ ಕೆಟ್ಟಿತು. ಆಕೆ ಹೊಸ ನಿಯಮ ತಂದರು. ಯಾರೇ ರಜೆ ಹಾಕಿದರೂ ಅವರ ಐಡಿ ಮುಚ್ಚಬೇಕು. ಅದಕ್ಕೊಂದು ನಮೂನೆ, ಅದರಲ್ಲಿ ವಾಪಸ್ ಬರುವ ತಾರೀಕಿನ ಕಲಂ. ಆ ತಾರೀಕಿಗೆ ಐಡಿ ತಾನಾಗಿ ತೆರೆದುಕೊಳ್ಳುತ್ತದೆ. ತಾರೀಕು ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ನನ್ನ ನಿವೃತ್ತಿಯ ದಿನ ಶಾಲು, ಪೇಟ, ಹಾರ, ಭಾಷಣ. ಆಕೆ ಭಾಷಣಕ್ಕೆ ಕೂರಲಿಲ್ಲ, ಕಂಪ್ಯೂಟರಿನ ಹತ್ತಿರ ನಿಂತಿದ್ದರು. ಎಲ್ಲ ಮುಗಿದ ಮೇಲೆ ಕರೆದರು. 'ಒಂದ್ಸಲ ಒಳಗೋಗಿ ಬನ್ನಿ ಸಾ.' ಎಂದಿನಂತೆ ಗೋಡೆಗೆ ತಿರುಗಿ ನಿಂತರು. ನಾನು ಹಾರ ಹಾಕಿಕೊಂಡೇ ಪಾಸ್‌ವರ್ಡ್ ಒತ್ತಿದೆ, ತೆರೆಯಿತು, ಮುಚ್ಚಿದೆ. ಆಕೆ ತಮ್ಮ ಕೆಲಸ ಮಾಡಿದರು. 'ಈಗ್ ನೋಡಿ' ಎಂದರು. ಮತ್ತೆ ಒತ್ತಿದೆ. ಈ ಬಳಕೆದಾರ ಚಾಲ್ತಿಯಲ್ಲಿಲ್ಲ ಎಂದು ಬಂತು. ನಾನು ಹೋದ ಮೇಲೆ ಲೋಕ ಹೀಗೆಯೇ ಹೇಳುತ್ತದೆ ಅನ್ನಿಸಿತು.

ಆಕೆ ಈ ಕಡೆ ತಿರುಗಿದರು. 'ಇನ್ಮ್ಯಾಕೆ ನಿಮ್ಮೆಸ್ರಲ್ಲಿ ಯಾರೂ ಏನೂ ಮಾಡಕ್ಕಾಗಲ್ಲ ಸಾ. ನೆಮ್ದಿಯಾಗಿ ನಿದ್ದೆ ಮಾಡಿ.' ಬ್ಯಾಗು ಅವುಚಿಕೊಂಡು ಮಂಡ್ಯದ ಬಸ್ಸಿಗೆ ಹೋದರು. ಕೊನೆಯ ಸಲ ನೋಡಿದ್ದು ಅದೇ.

ಹನ್ನೊಂದನೇ ದಿನ ಹಲಗೂರಿಗೆ ಹೋದೆ. ಶಾಮಿಯಾನದ ಕೆಳಗೆ ಮರಿಸ್ವಾಮಿ ಸಿಕ್ಕಿದ. ತಲೆ ನರೆತಿದೆ. ಎಲೆ ಮುಂದೆ ಕೂರದೆ ಇಬ್ಬರೂ ರಸ್ತೆ ಬದಿಗೆ ಬಂದು ನಿಂತೆವು. ಆಕೆಗೆ ಹೊಟ್ಟೆಯಲ್ಲಿ ಗೆಡ್ಡೆ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ರಜೆಯ ನಮೂನೆ ತುಂಬಿ ಇವನ ಮುಂದಿಟ್ಟು, ನನ್ನ ಐಡಿ ಮುಚ್ಚು ಎಂದರಂತೆ.

'ಮುಚ್ಚಿದ್ಯಾ?'

'ಮುಚ್ದೆ ಸಾ. ಮುಚ್ಚಾದ್ಮೇಲೆ ನೋಡ್ತೀನಿ, ವಾಪಸ್ ಬರೋ ತಾರೀಕು ಬರ್ದೇ ಇಲ್ಲ. ಏನಮ್ಮಾ ಇದು, ಖಾಲಿ ಬುಟ್ಟಿದ್ದೀರಿ ಅಂದೆ. ಇರ್ಲಿ ಬುಡು ಮರಿಸ್ವಾಮಿ, ಅಂದ್ರು.' ಅವನು ಮೂಗೊರೆಸಿಕೊಂಡ. 'ಗೆರೇನೂ ಎಳ್ದಿರ್ನಿಲ್ಲ ಸಾ.'

ಇನ್ನೊಂದು ಮಾತು ಹೇಳಿದ. ಆ ಘಟನೆಯಾದ ಮೇಲೆ ತಿಂಗಳ ಮೊದಲ ವಾರದಲ್ಲಿ ಯಾವುದಾದರೂ ಒಂದು ದಿನ ಆಕೆ ಪುಟ್ಟತಾಯಮ್ಮನ ಖಾತೆ ತೆರೆದು ನಂಬರ್ ಅದೇ ಇದೆಯೇ ಎಂದು ನೋಡುತ್ತಿದ್ದರಂತೆ. ಒಂದು ತಿಂಗಳೂ ತಪ್ಪಿಸಿಲ್ಲವಂತೆ. ರಜೆಯ ನಮೂನೆ ತುಂಬಿದ ದಿನವೂ ನೋಡಿಯೇ ತಮ್ಮ ಬಾಗಿಲು ಮುಚ್ಚಿಸಿಕೊಂಡರಂತೆ.

'ಈಗ ಯಾರು ನೋಡ್ತಾರಲಾ?' ಎಂದೆ.

'ನಾನ್ ನೋಡ್ತೀನಿ ಸಾ' ಎಂದ. ಅವನ ದನಿ ನಡುಗುತ್ತಿತ್ತು. ಅದು ನನಗೆ ಧೈರ್ಯ ಕೊಟ್ಟಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ನಂಬಬಾರದು ಎಂದು ಕಲಿಸಿದ್ದು ಆಕೆಯೇ.

ಮುಂದಿನ ತಿಂಗಳ ಮೊದಲ ವಾರ, ಒಂಬತ್ತು ನಲವತ್ತಕ್ಕಲ್ಲ, ಹನ್ನೊಂದು ಹದಿನೇಳಕ್ಕೆ, ನಾನೇ ಆ ನಂಬರಿಗೆ ಫೋನ್ ಮಾಡಿದೆ. ಆ ಹತ್ತು ಅಂಕಿ ನನಗೆ ಬಾಯಿಪಾಠ. ಬಹಳ ಹೊತ್ತು ಹೊಡೆದುಕೊಂಡಿತು. ಎದೆಯೂ.

'ಯಾರ್ಲಾ ಅದು?'

ಅವಳದೇ ದನಿ. 'ನಾನು ಕಣವ್ವ, ಬ್ಯಾಂಕಿನ ಮ್ಯಾನೇಜರು. ಮಳವಳ್ಳಿಯಿಂದ. ಹಳೇ ಮ್ಯಾನೇಜರು. ಚೆನ್ನಾಗಿದ್ದೀಯಾ?'

ಆ ಕಡೆ ಎಲ್ಲೋ ಒಂದು ಕೋಳಿ ಕೂಗಿತು.

'ಬ್ಯಾಂಕ್ನೋನಾ?'

'ಹೌದವ್ವ. ಈ ತಿಂಗ್ಳು ಟಿಣ್ ಬಂತಾ ಅಂತ ಕೇಳೋಣ ಅಂತ...'

'ನಿನ್ ಟಿಣ್ಣ ನಿಮ್ಮಪ್ಪಂಗ್ ಯೋಳೋಗು! ಬ್ಯಾಂಕು ಅಂತ ಯಾವ್ನು ಫೋನ್ ಮಾಡುದ್ರೂವೆ, ಗುರ್ತು ಯೋಳುದ್ರೂವೆ, ದೇವ್ರೇ ಮಾಡುದ್ರೂವೆ ಮಾತಾಡ್ಬ್ಯಾಡ ಕಣವ್ವ, ಮಡಗ್ಬುಡು ಅಂತ ಬೆಂಚ್ ಮ್ಯಾಲೆ ಕೂರ್ಸ್ಕಂಡು ಯೋಳ್ಕೊಟ್ಟವ್ಳೆ ನನ್ ಮಗ್ಳು. ಮಡಗ್ಲಾ ಫೋನ!'

ಮಡಗಿಬಿಟ್ಟಳು.

ಇನ್ನೊಂದು ಸಲ ಮಾಡಿದೆ. ಎತ್ತಲಿಲ್ಲ.